ಇನ್ನೂರೊಂದನೇ ಯೂನಿಟ್

ಕರ್ನಾಟಕದ ಮನೆಗಳಲ್ಲಿ ಉರಿಯುವ ಯೂನಿಟ್‌ಗಳಲ್ಲಿ ಅತಿ ದುಬಾರಿ ಯಾವುದು ಎಂದರೆ ಇನ್ನೂರೊಂದನೆಯದು. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಲ್ಲಿ ಪೂರ್ತಿ ಅರ್ಹತೆ ಇರುವ ಮನೆಯ ಬಳಕೆ ತಿಂಗಳಿಗೆ 200ಕ್ಕೆ ನಿಂತರೆ ಬಿಲ್ಲು ಸೊನ್ನೆ. 201 ಆಯಿತೋ, ಮೊದಲನೇ ಯೂನಿಟ್‌ನಿಂದ ಹಿಡಿದು ಅಷ್ಟಕ್ಕೂ ಕಟ್ಟಬೇಕು. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ದರದಲ್ಲಿ ಲೆಕ್ಕ ಹಾಕೋಣ. ಯೂನಿಟ್‌ಗೆ 5 ರೂಪಾಯಿ 80 ಪೈಸೆಯಂತೆ 1,166 ರೂಪಾಯಿ. ಅದರ ಮೇಲೆ ಶೇ 9ರ ತೆರಿಗೆ 105. ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದು ಯೂನಿಟ್‌ಗೆ 36 ಪೈಸೆಯಂತೆ 72. ಮೂರು ಕಿಲೋವಾಟ್ ಮಂಜೂರಾದ ಮನೆಗೆ ನಿಗದಿತ ಶುಲ್ಕ ಕಿಲೋವಾಟ್‌ಗೆ 145ರಂತೆ 435. ಎಲ್ಲ ಕೂಡಿದರೆ 1,778 ರೂಪಾಯಿ. ಒಂದೇ ಒಂದು ಯೂನಿಟ್ ಗಡಿ ದಾಟಿದ್ದಕ್ಕೆ ಇಷ್ಟು ದಂಡ. ಆ ಒಂದು ಯೂನಿಟ್ ಎಂದರೆ ಗೀಸರ್ ಅರ್ಧ ಗಂಟೆ ಓಡಿದಷ್ಟು.

ಮೊದಲು ಹೀಗಿರಲಿಲ್ಲ. ಗೃಹ ಬಳಕೆಗೆ ಹಂತ ಹಂತದ ದರವಿತ್ತು. ಕಡಿಮೆ ಬಳಸಿದವರಿಗೆ ಕಡಿಮೆ, ಹೆಚ್ಚು ಬಳಸಿದ ಭಾಗಕ್ಕೆ ಮಾತ್ರ ಹೆಚ್ಚು. 2023ರ ಪರಿಷ್ಕರಣೆಯಲ್ಲಿ ನೂರು ಯೂನಿಟ್ ದಾಟಿದವರಿಗೆ ಎಲ್ಲ ಯೂನಿಟ್‌ಗೂ 7 ರೂಪಾಯಿ ಎಂದಾಯಿತು. 2024ರ ಏಪ್ರಿಲ್‌ನಿಂದ ಹಂತಗಳೇ ಹೋಗಿ ಎಲ್ಲರಿಗೂ 5.90 ರೂಪಾಯಿ, ಮರುವರ್ಷ 5.80. ಹಾಗಾಗಿ ‘ಆ ಸ್ಲ್ಯಾಬ್ ದಾಟಬೇಡಿ, ಈ ಸ್ಲ್ಯಾಬ್‌ನಲ್ಲಿರಿ’ ಎಂಬ ಹಳೆಯ ಬುದ್ಧಿಮಾತು ಈಗ ನಡೆಯುವುದಿಲ್ಲ. ಉಳಿದಿರುವ ದೊಡ್ಡ ಗಡಿ ಒಂದೇ, ಗೃಹಜ್ಯೋತಿಯ ಇನ್ನೂರು.

ಅದಕ್ಕೂ ಮೊದಲೇ ಪ್ರತಿ ಮನೆಗೂ ತನ್ನದೇ ಒಂದು ಚಿಕ್ಕ ಗಡಿ ಇದೆ, ಇದು ಬಹಳ ಜನಕ್ಕೆ ಇಂದಿಗೂ ಸರಿಯಾಗಿ ಗೊತ್ತಿಲ್ಲ. 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ಶೇ 10 ಸೇರಿಸಿದರೆ ಬರುವುದೇ ಆ ಮನೆಯ ಉಚಿತ ಪಾಲು. ಆಗ 90 ಯೂನಿಟ್ ಸುಡುತ್ತಿದ್ದ ಮನೆಗೆ 99 ಉಚಿತ. 120 ಬಳಸಿದರೆ 21 ಯೂನಿಟ್‌ಗೆ ದುಡ್ಡು. ಆ ವರ್ಷ ಜಿಪುಣತನದಿಂದ ಸ್ವಿಚ್ ಆರಿಸಿಕೊಂಡು ಬದುಕಿದವರಿಗೆ ಚಿಕ್ಕ ಪಾಲು, ಕೈಬಿಚ್ಚಿ ಉರಿಸಿದವರಿಗೆ ದೊಡ್ಡ ಪಾಲು! ಯೋಜನೆ ಬರೆದವರ ಲೆಕ್ಕಾಚಾರ ಅರ್ಥವಾಗುತ್ತದೆ, ಪುಕ್ಕಟೆ ಎಂದ ಕೂಡಲೇ ಜನ ಬಳಕೆ ಹೆಚ್ಚಿಸಬಾರದು ಅಂತ. ಆದರೂ ಮಿತವ್ಯಯಿಗೆ ಇದು ಅನ್ಯಾಯವೇ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇ 10ರ ಬದಲು ಹತ್ತು ಯೂನಿಟ್ ಹೆಚ್ಚುವರಿ ಎಂದು 2024ರ ಆರಂಭದಲ್ಲಿ ತಿದ್ದಿದರು. ಅಷ್ಟರಮಟ್ಟಿಗೆ ಸರಿಹೋಯಿತು. ಹಳೆಯ ದಾಖಲೆಯೇ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53 ಹಿಡಿದು 58 ಯೂನಿಟ್ ಕೊಡುತ್ತಾರೆ.

ಇಷ್ಟೆಲ್ಲ ಹೇಳಿದ್ದು ಏಕೆಂದರೆ, ಕರೆಂಟ್ ಉಳಿಸುವ ಮಾತು ಈಗ ಮನೆಮನೆಗೂ ಬೇರೆ ಬೇರೆ. 60 ಯೂನಿಟ್ ಬಳಸುವ ಮನೆಗೆ ಈ ಅಂಕಣದಿಂದ ಹೆಚ್ಚು ಪ್ರಯೋಜನವಿಲ್ಲ. 170ರಿಂದ 260ರ ನಡುವೆ ತೂಗಾಡುವ ಮನೆಗೆ ಮಾತ್ರ ಒಂದೊಂದು ಯೂನಿಟ್ ಕೂಡ ಲೆಕ್ಕಕ್ಕೆ ಬರುತ್ತದೆ. ಗಂಡ ಹೆಂಡತಿ, ಎರಡು ಮಕ್ಕಳು, ಜೊತೆಗೊಬ್ಬ ಅಜ್ಜಿ, ಗೀಸರ್, ಫ್ರಿಜ್, ವಾಷಿಂಗ್ ಮಷಿನ್ ಇರುವ ನಗರದ ಮನೆ ಸರಿಯಾಗಿ ಅಲ್ಲಿಯೇ ಬಂದು ಕೂರುತ್ತದೆ.

ಅಂಥ ಮನೆಯಲ್ಲಿ ಬೈಗುಳ ಬೀಳುವುದು ಯಾವುದಕ್ಕೆ ನೋಡಿ. ‘ಲೈಟ್ ಆರಿಸದೇ ಎದ್ದು ಬಂದೆಯಾ’ ಎಂದು ಮಕ್ಕಳಿಗೆ. ಸೊಸೆ ಮಿಕ್ಸಿ ಹಾಕಿದರೆ ಅತ್ತೆ ಮೀಟರ್ ಕಡೆ ನೋಡುತ್ತಾರೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. 9 ವಾಟ್‌ನ ಎಲ್‌ಇಡಿ ಬಲ್ಬ್ ದಿನಕ್ಕೆ ಆರು ಗಂಟೆ ಉರಿದರೆ ತಿಂಗಳಿಗೆ ಒಂದೂವರೆ ಯೂನಿಟ್ ಚಿಲ್ಲರೆ. 750 ವಾಟ್‌ನ ಮಿಕ್ಸಿ ದಿನಾ ಹತ್ತು ನಿಮಿಷ ಗುರ್ರೆಂದರೂ ತಿಂಗಳಿಗೆ ನಾಲ್ಕು ಯೂನಿಟ್ ಮುಟ್ಟುವುದಿಲ್ಲ. ರುಬ್ಬುವ ಗ್ರೈಂಡರ್ ಇನ್ನೂ ಕಡಿಮೆ. ಸದ್ದು ಮಾಡುವುದು, ಕಣ್ಣಿಗೆ ಬೀಳುವುದು ಹೆಚ್ಚು ತಿನ್ನುತ್ತದೆ ಎಂಬ ಭಾವನೆ ಬೇರೂರಿಬಿಟ್ಟಿದೆ. 60 ವಾಟ್‌ನ ಬುರುಡೆ ಬಲ್ಬಿನ ಕಾಲದಲ್ಲಿ ಲೈಟಿನ ಬಗ್ಗೆ ಆ ಮಾತು ನಿಜವೂ ಆಗಿತ್ತು. ಹತ್ತು ವರ್ಷದ ಹಿಂದೆ ‘ಹೊಸ ಬೆಳಕು’ ಯೋಜನೆಯಲ್ಲಿ ವಿದ್ಯುತ್ ಸರಬರಾಜು ಕಂಪನಿಗಳಾದ ಎಸ್ಕಾಂಗಳ ಕೌಂಟರುಗಳಲ್ಲಿ ಅಗ್ಗಕ್ಕೆ ಎಲ್‌ಇಡಿ ಮಾರಿದ ಮೇಲೆ ಆ ಅಧ್ಯಾಯ ಬಹುಪಾಲು ಮುಗಿದಿದೆ. ಲೈಟ್ ಆರಿಸಿ, ಒಳ್ಳೆಯ ಅಭ್ಯಾಸ, ಬೇಡವೆನ್ನುವುದಿಲ್ಲ. ಬಿಲ್ಲು ಇಳಿಯುವುದು ಅಲ್ಲಲ್ಲ.

ಇಳಿಯುವುದು ಬಚ್ಚಲುಮನೆಯಲ್ಲಿ. ಒಂದು ಲೀಟರ್ ನೀರಿನ ಬಿಸಿಯನ್ನು ಒಂದು ಡಿಗ್ರಿ ಏರಿಸಲು ಬೇಕಾಗುವ ಶಕ್ತಿ 1.16 ವಾಟ್ ಅವರ್. ಇದು ಪ್ರಕೃತಿಯ ದರಪಟ್ಟಿ, ಯಾವ ಕಂಪನಿಯ ಕಾಯಿಲ್ ಗೀಸರೂ ಇದಕ್ಕಿಂತ ಕಡಿಮೆಗೆ ನೀರು ಕಾಯಿಸಿಕೊಡಲಾರದು. ಟ್ಯಾಂಕಿನ ನೀರು 22 ಡಿಗ್ರಿ ಇದೆ, ಸ್ನಾನಕ್ಕೆ 40 ಡಿಗ್ರಿ ಬೇಕು ಅಂದುಕೊಳ್ಳಿ. ಇಪ್ಪತ್ತು ಲೀಟರಿನ ಒಂದು ಬಕೆಟ್‌ಗೆ 0.42 ಯೂನಿಟ್. ನಾಲ್ಕು ಜನಕ್ಕೆ ತಿಂಗಳಿಗೆ 50 ಯೂನಿಟ್. ಈಗ ಬಕೆಟ್ ಬದಿಗಿಟ್ಟು ಷವರ್ ತೆರೆಯಿರಿ. ಎಂಟು ನಿಮಿಷ ನಿಂತರೆ ಎಪ್ಪತ್ತು ಲೀಟರ್ ಸುಲಭವಾಗಿ ಹರಿಯುತ್ತದೆ. ಒಬ್ಬರಿಗೆ ಸುಮಾರು ಒಂದೂವರೆ ಯೂನಿಟ್, ನಾಲ್ವರಿಗೆ ತಿಂಗಳಿಗೆ 176. ಗೃಹಜ್ಯೋತಿಯ ಇನ್ನೂರರಲ್ಲಿ ಮುಕ್ಕಾಲಿಗಿಂತ ಹೆಚ್ಚು ಬಚ್ಚಲ ಮೋರಿಗೆ ಹೋಯಿತು. ಕೆಂಪು ಪ್ಲಾಸ್ಟಿಕ್ ಬಕೆಟ್ಟು, ತಂಬಿಗೆ ಈ ಮಟ್ಟಿಗೆ ಅರ್ಥಶಾಸ್ತ್ರ ಬಲ್ಲವು ಎಂದು ನಾವು ಎಣಿಸಿರಲಿಲ್ಲ.

ಗೀಸರ್ ಬಗ್ಗೆ ಅಂಗಡಿಯಲ್ಲಿ ಎದುರಾಗುವ ಪ್ರಶ್ನೆ, ಮೂರು ಕಿಲೋವಾಟಿನ ಇನ್‌ಸ್ಟಂಟ್ ಒಳ್ಳೆಯದೋ, ಎರಡು ಕಿಲೋವಾಟಿನ ಟ್ಯಾಂಕಿನದೋ? ವಾಟ್ ಹೆಚ್ಚಿದ್ದರೆ ಹೆಚ್ಚು ಬಿಲ್ಲು ಎಂದು ತಿಳಿಯುವುದು ತಪ್ಪು. ಹೆಚ್ಚು ವಾಟಿನದು ಬೇಗ ಕಾಯಿಸಿ ಬೇಗ ಆರುತ್ತದೆ, ಯೂನಿಟ್ ಅಷ್ಟೇ. ಟ್ಯಾಂಕಿನದರಲ್ಲಿ ವ್ಯತ್ಯಾಸ ಬರುವುದು ಸ್ವಿಚ್ ಹಾಕೇ ಬಿಟ್ಟಾಗ. ಒಳಗಿನ ನೀರು ನಿಧಾನಕ್ಕೆ ಆರುತ್ತಿರುತ್ತದೆ, ಥರ್ಮೋಸ್ಟಾಟ್ ಮತ್ತೆ ಮತ್ತೆ ಕಾಯಿಸುತ್ತಿರುತ್ತದೆ. ಯಾರೂ ಒಂದು ತಂಬಿಗೆ ನೀರು ಹಿಡಿಯದಿದ್ದರೂ 25 ಲೀಟರಿನ ಟ್ಯಾಂಕು ದಿನಕ್ಕೆ ಅರ್ಧ ಯೂನಿಟ್, ಹಳೆಯದಾಗಿದ್ದರೆ ಇನ್ನೂ ಹೆಚ್ಚು ನುಂಗುತ್ತದೆ. ಆದ್ದರಿಂದ ಮೊದಲನೆಯವರು ಸ್ನಾನಕ್ಕೆ ಹೋಗುವ ಹದಿನೈದು ಇಪ್ಪತ್ತು ನಿಮಿಷ ಮೊದಲು ಹಾಕಿ, ಒಬ್ಬರ ಹಿಂದೊಬ್ಬರು ಮುಗಿಸಿ, ಕೊನೆಯವರು ಒಳಗೆ ಹೋಗುವಾಗಲೇ ಆರಿಸಿದರೆ ಸಾಕು. ಟ್ಯಾಂಕಿನಲ್ಲಿ ಉಳಿದದ್ದು ಅವರಿಗೆ ಸಾಲುತ್ತದೆ. ಥರ್ಮೋಸ್ಟಾಟಿನ ತಿರುಗಣೆಯನ್ನು 65ಕ್ಕೆ ಇಟ್ಟು ಆಮೇಲೆ ತಣ್ಣೀರು ಬೆರೆಸುವುದಕ್ಕಿಂತ 50ಕ್ಕೆ ಇಡುವುದು ಮೇಲು. ಬೋರ್‌ವೆಲ್ಲಿನ ಗಡಸು ನೀರಿನ ಊರುಗಳಲ್ಲಿ ಕಾಯಿಲ್ ಮೇಲೆ ಸುಣ್ಣದ ಹಿಟ್ಟು ಕಟ್ಟಿಕೊಳ್ಳುತ್ತದೆ. ನೀರಿಗೆ ಶಾಖ ದಾಟುವುದು ನಿಧಾನವಾಗಿ ಕೊನೆಗೆ ಕಾಯಿಲೇ ಸುಟ್ಟುಹೋಗುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ಕೆರೆಸುವುದು ಒಳ್ಳೆಯದು.

ಮಲೆನಾಡು, ಕರಾವಳಿಯ ಹಳ್ಳಿಮನೆಗಳಿಗೆ ಈ ತಲೆಬಿಸಿ ಕಡಿಮೆ. ಬಚ್ಚಲೊಲೆಯ ಮೇಲೆ ತಾಮ್ರದ ಹಂಡೆ ಕೂತಿರುತ್ತದೆ, ಅಡಿಗೆ ಅಡಕೆ ಸಿಪ್ಪೆಯೋ ತೆಂಗಿನ ಗರಿಯೋ ಬೀಳುತ್ತದೆ. ಹಂಡೆ ಉರಿಸಲು ಜಾಗವಿಲ್ಲದ ಪೇಟೆಯಲ್ಲಿ ಅದರ ಕೆಲಸವನ್ನು ಮಾಡಿದ್ದು ಚಾವಣಿಯ ಸೋಲಾರ್ ವಾಟರ್ ಹೀಟರ್. ಬೆಂಗಳೂರು, ಮೈಸೂರಿನ ಯಾವ ಬಡಾವಣೆಯನ್ನಾದರೂ ಮೇಲಿಂದ ನೋಡಿದರೆ ಮನೆಗೊಂದರಂತೆ ಓರೆಯಾಗಿ ಮಲಗಿದ ಗಾಜಿನ ಕೊಳವೆಗಳು ಕಾಣುತ್ತವೆ. ಕಟ್ಟಡ ಪರವಾನಗಿಗೆ ಅದನ್ನು ಕಡ್ಡಾಯ ಮಾಡಿದ್ದು, ಎಸ್ಕಾಂಗಳು ಅಂಥ ಮನೆಗಳಿಗೆ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ಬಿಟ್ಟುಕೊಟ್ಟಿದ್ದು ಎರಡೂ ಇದಕ್ಕೆ ಕಾರಣ. ನನ್ನ ಮಟ್ಟಿಗೆ ಈ ರಾಜ್ಯದ ಇಂಧನ ನೀತಿಯಲ್ಲಿ ಸದ್ದಿಲ್ಲದೆ ಗೆದ್ದದ್ದು ಇದೇ.

ಆದರೆ ಸೋಲಾರ್ ಇದ್ದೂ ಬಿಲ್ಲು ಏರುವ ಮನೆಗಳಿವೆ. ಮೋಡದ ದಿನಗಳಿಗೆಂದು ಸೋಲಾರ್ ಟ್ಯಾಂಕಿನೊಳಗೆ ಒಂದು ಕರೆಂಟ್ ಕಾಯಿಲ್ ಇಟ್ಟಿರುತ್ತಾರೆ, ಅದರ ಸ್ವಿಚ್ಚು ಮೆಟ್ಟಿಲ ಕೆಳಗೋ ಬಾತ್‌ರೂಮಿನ ಹೊರಗೋ ಇರುತ್ತದೆ. ಜುಲೈನಲ್ಲಿ ಹಾಕಿದವರು ನವೆಂಬರ್‌ನಲ್ಲೂ ಆರಿಸಿರುವುದಿಲ್ಲ. ಗೀಸರ್ ಆದರೆ 25 ಲೀಟರ್, ಇಲ್ಲಿ ಇನ್ನೂರು. ರಾತ್ರಿಯಿಡೀ 200 ಲೀಟರನ್ನು ಮೂವತ್ತು ಡಿಗ್ರಿ ಏರಿಸಿದರೆ ಏಳು ಯೂನಿಟ್ ಖರ್ಚು. ಬೆಳಗ್ಗೆ ಟ್ಯಾಂಕಿನಲ್ಲಿ ಆಗಲೇ ಬಿಸಿನೀರು ಇರುವುದರಿಂದ ಸೂರ್ಯ ಬಂದು ಮಾಡಲು ಕೆಲಸವೇ ಉಳಿದಿರುವುದಿಲ್ಲ! ಆ ಸ್ವಿಚ್ಚಿಗೆ ಒಂದು ಕೆಂಪು ಇಂಡಿಕೇಟರ್ ದೀಪ ಹಾಕಿಸುವುದು ಎಲೆಕ್ಟ್ರಿಷಿಯನ್‌ಗೆ ಹತ್ತು ನಿಮಿಷದ ಕೆಲಸ.

ಫ್ರಿಜ್ಜಿನ ಸಂಗತಿ ಚಿಕ್ಕದು. ಅದಕ್ಕೆ ರಜೆಯಿಲ್ಲ, ಆದ್ದರಿಂದ ಕೊಳ್ಳುವ ದಿನ ಮಾಡಿದ ಆಯ್ಕೆಯೇ ಹದಿನೈದು ವರ್ಷ ಬಿಲ್ಲಿನಲ್ಲಿ ಕಾಣುತ್ತದೆ. ಬಾಗಿಲ ಮೇಲಿನ ಇಂಧನ ದಕ್ಷತಾ ಬ್ಯೂರೋದ (ಬಿಇಇ) ಚೀಟಿಯಲ್ಲಿ ನಕ್ಷತ್ರ ಎಣಿಸುವುದಕ್ಕಿಂತ ಕೆಳಗೆ ಬರೆದ ವರ್ಷದ ಯೂನಿಟ್ ಓದಿ, ಹನ್ನೆರಡರಿಂದ ಭಾಗಿಸಿ. ನಕ್ಷತ್ರದ ಮಾನದಂಡ ಆಗಾಗ ಬಿಗಿಯಾಗುತ್ತದೆ, ಹಳೆಯ ಐದು ನಕ್ಷತ್ರ ಇವತ್ತಿಗೆ ಐದಲ್ಲ. ಮನೆಯಲ್ಲಿರುವ ಫ್ರಿಜ್ಜಿಗೆ ಒಂದು ಪರೀಕ್ಷೆ ಇದೆ. ಹತ್ತು ರೂಪಾಯಿ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ರಬ್ಬರ್ ಹೋಗಿದೆ, ತಂಪು ಸೋರುತ್ತಿದೆ. ಹೊಸ ಫ್ರಿಜ್ ತಂದು ಹಳೆಯದನ್ನು ‘ಇರಲಿ, ಹಬ್ಬಕ್ಕೆ ಬೇಕಾಗುತ್ತದೆ’ ಎಂದು ಹಿತ್ತಿಲ ಕೋಣೆಯಲ್ಲಿ ಓಡಿಸುವವರು ಉಳಿತಾಯದ ಮಾತೆತ್ತುವುದು ಬೇಡ.

ಫ್ಯಾನ್ ವಿಷಯದಲ್ಲಿ ಸ್ವಲ್ಪ ಖರ್ಚು ಮಾಡಬಹುದು. ಸಾಮಾನ್ಯ ಸೀಲಿಂಗ್ ಫ್ಯಾನ್ ಪೂರ್ತಿ ವೇಗಕ್ಕೆ 75 ವಾಟ್ ಆಸುಪಾಸು ಎಳೆದರೆ ಬಿಎಲ್‌ಡಿಸಿ ಫ್ಯಾನ್ 30 ವಾಟ್‌ಗೆ ಅಷ್ಟೇ ಗಾಳಿ ಕೊಡುತ್ತದೆ. ದಿನಕ್ಕೆ ಹನ್ನೆರಡು ಗಂಟೆ ತಿರುಗುವ ಕಡೆ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ. ಬೆಲೆ ಹೆಚ್ಚು, ನಿಜ. ಅದಕ್ಕೇ ಮನೆಯ ಎಲ್ಲ ಫ್ಯಾನ್ ಬದಲಿಸುವುದು ಬೇಡ, ಮಲಗುವ ಕೋಣೆಯದು ಮತ್ತು ಅಜ್ಜಿ ದಿನವಿಡೀ ಕೂರುವ ನಡುಮನೆಯದು ಸಾಕು. ನೆಂಟರು ಬಂದಾಗಷ್ಟೇ ತಿರುಗುವ ಫ್ಯಾನಿಗೆ ದುಡ್ಡು ಹಾಕಿದರೆ ಅದು ವಾಪಸ್ ಬರುವಷ್ಟರಲ್ಲಿ ಫ್ಯಾನೇ ಹಳತಾಗಿರುತ್ತದೆ. ಗೋಡೆಯ ಮೇಲಿನ ಹಳೆಯ ದೊಡ್ಡ ಡಬ್ಬಿಯಂಥ ರೆಗ್ಯುಲೇಟರ್ ಇನ್ನೂ ಉಳಿದಿದ್ದರೆ ತೆಗೆಸಿ. ವೇಗ ಕಡಿಮೆ ಮಾಡಿದಾಗ ಉಳಿಯಬೇಕಾದ ಕರೆಂಟನ್ನು ಅದು ತಾನೇ ಬಿಸಿಯಾಗಿ ಸುಡುತ್ತದೆ.

ಬೇಸಿಗೆಯ ತಂಪಿನ ವಿಚಾರಕ್ಕೆ ಬಂದರೆ ಇಡೀ ಕರ್ನಾಟಕಕ್ಕೆ ಒಂದೇ ಸಲಹೆ ಕೊಡುವವರನ್ನು ನಂಬಬೇಡಿ. ಕಲಬುರಗಿ, ರಾಯಚೂರು, ವಿಜಯಪುರದ ಬಿಸಿಲು ಒಣ ಬಿಸಿಲು. ಅಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ನೀರು ಆವಿಯಾಗುವಾಗ ಗಾಳಿಯ ಶಾಖ ಹೀರಿಕೊಳ್ಳುತ್ತದೆ, ಗಾಳಿ ಎಷ್ಟು ಒಣಗಿದೆಯೋ ಅಷ್ಟು ತಂಪು. 150ರಿಂದ 200 ವಾಟ್‌ನಲ್ಲಿ ಮುಗಿಯುವ ಕೆಲಸಕ್ಕೆ ಅದರ ಆರೇಳು ಪಟ್ಟು ಎಳೆಯುವ ಎ.ಸಿ. ಹಾಕಬೇಕಾದ್ದಿಲ್ಲ. ಅದೇ ಕೂಲರ್ ಮಂಗಳೂರಿಗೆ, ಉಡುಪಿಗೆ ತಂದರೆ ಕೋಣೆಯಲ್ಲಿ ಸೆಕೆಯ ಜೊತೆಗೆ ಅಂಟು ಸೇರಿಕೊಳ್ಳುತ್ತದೆ, ಅಷ್ಟೇ. ಅಲ್ಲಿನ ಗಾಳಿಯಲ್ಲಿ ಮೊದಲೇ ನೀರು ತುಂಬಿದೆ. ಒಣ ಊರಿನಲ್ಲೂ ಕೂಲರ್ ಇಟ್ಟು ಕಿಟಕಿ ಬಾಗಿಲೆಲ್ಲ ಬಿಗಿಯಾಗಿ ಮುಚ್ಚುವವರಿದ್ದಾರೆ. ಎ.ಸಿ.ಗೆ ಮುಚ್ಚಬೇಕು, ಕೂಲರಿಗೆ ಎದುರು ಕಿಟಕಿ ತೆರೆಯಬೇಕು, ಇಲ್ಲವಾದರೆ ಅರ್ಧ ಗಂಟೆಯಲ್ಲಿ ಕೋಣೆ ಕರಾವಳಿಯಾಗುತ್ತದೆ.

ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೇಸಿಗೆಗೆ ಏಕೆ ಅಷ್ಟು ಸೆಕೆಯಾಗುತ್ತಿರಲಿಲ್ಲ ಎಂಬುದನ್ನು ಆರ್‌ಸಿಸಿ ಕಟ್ಟಿಸಿಕೊಂಡ ಮೇಲೆ ಎಲ್ಲರೂ ಕಂಡುಕೊಂಡರು. ಆರ್‌ಸಿಸಿ ಹಗಲಿಡೀ ಕಾದು ರಾತ್ರಿ ಹತ್ತರ ಮೇಲೆ ಆ ಶಾಖವನ್ನು ಕೆಳಗೆ ಬಿಡುತ್ತದೆ. ಮಾರ್ಚ್‌ನಲ್ಲೇ ತಾರಸಿಗೆ ಎರಡು ಕೈ ಬಿಳಿ ಸುಣ್ಣ ಬಳಿಸಿದರೆ ಬಿಸಿಲಿನ ದೊಡ್ಡ ಪಾಲು ಅಲ್ಲಿಂದಲೇ ವಾಪಸ್ಸಾಗುತ್ತದೆ. ಎ.ಸಿ. ಇರುವವರು ಸೆಟ್ಟಿಂಗನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ಕರೆಂಟ್ ಉಳಿಯುತ್ತದೆ ಎನ್ನುವುದು ಬಿಇಇ ಹೇಳುವ ಲೆಕ್ಕ. 2020ರ ಜನವರಿಯಿಂದ ಕೋಣೆಯ ಎ.ಸಿ.ಗಳು 24 ಡಿಗ್ರಿಯಲ್ಲೇ ಶುರುವಾಗಬೇಕು ಎಂಬ ನಿಯಮ ಬಂದದ್ದು ಇದೇ ಕಾರಣಕ್ಕೆ. ಜನ ಶುರುವಾದ ಕೂಡಲೇ ರಿಮೋಟ್ ಹಿಡಿದು 18ಕ್ಕೆ ಒತ್ತುತ್ತಾರೆ, ಆಮೇಲೆ ಕಂಬಳಿ ಹೊದೆಯುತ್ತಾರೆ. ನಿಯಮ ಅಷ್ಟು ದೂರ ಬರಲಾರದು.

ಗೀಸರ್, ಫ್ರಿಜ್, ಫ್ಯಾನ್ ಎಲ್ಲದರ ಲೆಕ್ಕ ಹಾಕಿದ ಮೇಲೂ ತಿಂಗಳ ಯೂನಿಟ್‌ಗೆ ತಾಳೆಯಾಗದಿದ್ದರೆ ಮೀಟರನ್ನೇ ಕೇಳಬೇಕು. ಮೈಸೂರಿನ ಪರಿಚಿತರೊಬ್ಬರ ಮನೆಯಲ್ಲಿ ಹೀಗೆ ಕೇಳಿದ್ದೆವು. ಹಳೆಯ ಮೀಟರಿನಲ್ಲಿ ಅಲ್ಯೂಮಿನಿಯಂ ಚಕ್ರ ತಿರುಗುತ್ತಿತ್ತು, ಈಗಿನ ಡಿಜಿಟಲ್ ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತದೆ. ಅದರ ಪಕ್ಕದಲ್ಲಿ ‘3200’ ಅಥವಾ ‘1600’ ಎಂದೇನಾದರೂ ಬರೆದಿರುತ್ತದೆ, ಒಂದು ಯೂನಿಟ್‌ಗೆ ಅಷ್ಟು ಸಲ ಮಿಣುಕುತ್ತದೆ ಎಂದರ್ಥ. 3200 ಇದ್ದರೆ 1125 ಎಂಬ ಸಂಖ್ಯೆ ನೆನಪಿಟ್ಟುಕೊಳ್ಳಿ. ಎರಡು ಮಿಣುಕಿನ ನಡುವೆ ಎಷ್ಟು ಸೆಕೆಂಡು ಕಳೆಯಿತೋ ಅದರಿಂದ 1125ನ್ನು ಭಾಗಿಸಿದರೆ ಆ ಕ್ಷಣಕ್ಕೆ ಮನೆ ಎಳೆಯುತ್ತಿರುವ ವಾಟ್ ಸಿಗುತ್ತದೆ. 1600ರ ಮೀಟರಿಗೆ ಆ ಸಂಖ್ಯೆ 2250.

ರಾತ್ರಿ ಊಟವಾದ ಮೇಲೆ ಲೈಟು, ಫ್ಯಾನು, ಟಿ.ವಿ. ಎಲ್ಲ ಆರಿಸಿದೆವು, ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತೆವು. ಮನೆ ಕತ್ತಲು. ಮೀಟರಿನ ದೀಪ ಮಾತ್ರ ಹದಿನಾಲ್ಕು ಸೆಕೆಂಡಿಗೊಮ್ಮೆ ಮಿಣುಕುತ್ತಲೇ ಇತ್ತು. ಅಂದರೆ 80 ವಾಟ್. ‘ಎಲ್ಲಾ ಆಫ್ ಮಾಡಿದ್ದೀವಲ್ರೀ, ಮತ್ತೆ ಯಾರು ತಿಂತಿದಾರೆ?’ ಎಂದು ಯಜಮಾನರು ಟಾರ್ಚ್ ಹಿಡಿದು ಒಳಗೆ ಹೊರಟರು. ಅವರ ಶ್ರೀಮತಿಯವರು ಒಂದೊಂದೇ ಪ್ಲಗ್ ಕೀಳುತ್ತಾ ಒಳಗಿನಿಂದ ಕೂಗುವುದು, ನಾನು ಹೊರಗೆ ಸೆಕೆಂಡು ಎಣಿಸುವುದು. ಎರಡು ಸೆಟ್‌ಟಾಪ್ ಬಾಕ್ಸ್ ಕಿತ್ತಾಗ ಮಿಣುಕು ನಿಧಾನವಾಯಿತು. ಟಿ.ವಿ. ಆರಿಸಿದರೂ ಆ ಪೆಟ್ಟಿಗೆ ಮಲಗುವುದಿಲ್ಲ, ಮುಟ್ಟಿ ನೋಡಿದರೆ ಬೆಚ್ಚಗಿರುತ್ತದೆ. ವೈಫೈ ರೌಟರ್ ಕಿತ್ತಾಗ ಇನ್ನಷ್ಟು. ದೊಡ್ಡ ಕಳ್ಳ ಸಿಕ್ಕಿದ್ದು ಮೆಟ್ಟಿಲ ಕೆಳಗೆ, ಯುಪಿಎಸ್. ಬ್ಯಾಟರಿ ತುಂಬಾ ಹಳೆಯದು, ಎಷ್ಟು ಚಾರ್ಜ್ ಮಾಡಿದರೂ ತುಂಬುವುದಿಲ್ಲ, ಚಾರ್ಜರ್ ಬಿಡದೆ ತುಂಬುತ್ತಲೇ ಇರುತ್ತದೆ. ಅದೊಂದೇ ನಲವತ್ತು ವಾಟ್ ಮೇಲೆ ಎಳೆಯುತ್ತಿತ್ತು. ಕರೆಂಟ್ ಹೋದಾಗ ಇಪ್ಪತ್ತು ನಿಮಿಷವೂ ನಿಲ್ಲುತ್ತಿರಲಿಲ್ಲವಂತೆ.

80 ವಾಟ್ ಎಂದರೆ ಏನು ಮಹಾ ಎನಿಸಬಹುದು. ಹಗಲು ರಾತ್ರಿ ಬಿಡದೆ ಓಡುವ ಒಂದು ವಾಟ್ ತಿಂಗಳಿಗೆ 0.72 ಯೂನಿಟ್. ಎಂಬತ್ತು ವಾಟ್ 57 ಯೂನಿಟ್ ದಾಟುತ್ತದೆ. ಹೊಸ ಮನೆಗೆ ಸರ್ಕಾರ ಕೊಡುವ ಉಚಿತ ಪಾಲೇ 58. ಅಷ್ಟನ್ನೂ ಯಾರೂ ಬಳಸದೆ ಖರ್ಚು ಮಾಡಿದಂತಾಯಿತು.

ಇದೇ ಮೀಟರಿನ ಮುಖದ ಮೇಲೆ ಬಹಳ ಕಡೆ ‘ಇ.ಎಲ್.’ ಎಂಬ ಇನ್ನೊಂದು ದೀಪ ಇರುತ್ತದೆ. ಅದು ಹತ್ತಿಕೊಂಡಿದ್ದರೆ ಒಂದು ತಂತಿಯಲ್ಲಿ ಹೋದ ಕರೆಂಟ್ ಇನ್ನೊಂದರಲ್ಲಿ ಅಷ್ಟೇ ವಾಪಸ್ ಬರುತ್ತಿಲ್ಲ, ಎಲ್ಲೋ ಭೂಮಿಗೆ ಸೋರುತ್ತಿದೆ ಎಂದು ಅರ್ಥ. ಎರಡರಲ್ಲಿ ಯಾವುದು ಹೆಚ್ಚೋ ಅದನ್ನೇ ಮೀಟರ್ ದಾಖಲಿಸುತ್ತದೆ. ಗೀಸರಿನ ಸೀಳಿದ ಕಾಯಿಲ್, ಸಂಪಿನ ಮೋಟರಿನ ಒದ್ದೆಯಾದ ವೈಂಡಿಂಗ್, ವೈರಿಂಗಿನಲ್ಲಿ ನ್ಯೂಟ್ರಲ್ ಅದಲುಬದಲು ಮಾಡಿರುವುದು, ಇವೆಲ್ಲ ಸಾಮಾನ್ಯ ಕಾರಣಗಳು. ಇಲ್ಲಿ ಬಿಲ್ಲಿಗಿಂತ ಷಾಕ್ ಹೊಡೆಯುವ ಭಯ ದೊಡ್ಡದು, ಎಲೆಕ್ಟ್ರಿಷಿಯನ್ ಬರುವವರೆಗೆ ಆ ಉಪಕರಣ ಮುಟ್ಟದಿರುವುದು ಕ್ಷೇಮ. ಮೋಟರಿನ ಮಾತು ಬಂದದ್ದಕ್ಕೆ ಇನ್ನೊಂದು. ಒಂದು ಎಚ್.ಪಿ. ಮೋಟರ್ ಒಂದು ಕಿಲೋವಾಟ್ ಹತ್ತಿರ ಎಳೆಯುತ್ತದೆ. ಟ್ಯಾಂಕ್ ತುಂಬಿ ಚಾವಣಿಯಿಂದ ನೀರು ಸುರಿಯುವ ಸದ್ದು ಪಕ್ಕದ ಮನೆಯವರು ಬಂದು ಹೇಳುವವರೆಗೆ ಓಡಿದರೆ ನೀರೂ ಹೋಯಿತು, ಕರೆಂಟೂ ಹೋಯಿತು. ಫ್ಲೋಟ್ ಸ್ವಿಚ್ ಒಂದು ಊಟದ ಬೆಲೆಯಲ್ಲಿ ಸಿಗುತ್ತದೆ.

ಗೃಹಜ್ಯೋತಿಯ ಆಚೆ ಇರುವವರು ಬಿಲ್ಲಿನ ಇನ್ನೊಂದು ಸಾಲು ಗಮನಿಸಬೇಕು, ನಿಗದಿತ ಶುಲ್ಕ. ಮನೆ ಕಟ್ಟಿಸುವಾಗ ಗುತ್ತಿಗೆದಾರ ‘ಮುಂದೆ ಬೇಕಾಗುತ್ತೆ ಸರ್’ ಎಂದು ಐದು ಕಿಲೋವಾಟ್ ಬರೆಸಿಬಿಟ್ಟಿರುತ್ತಾನೆ. ಒಂದು ಯೂನಿಟ್ ಬಳಸದೆ ಬೀಗ ಹಾಕಿ ಊರಿಗೆ ಹೋದರೂ 2025ರ ದರದಲ್ಲಿ ತಿಂಗಳಿಗೆ 725 ರೂಪಾಯಿ. ಬಿಲ್ಲಿನಲ್ಲಿ ಮಂಜೂರಾತಿ ಲೋಡ್ ಜೊತೆಗೆ ಎಂ.ಡಿ. ಎಂದು ಒಂದು ಸಂಖ್ಯೆ ಇರುತ್ತದೆ, ಆ ತಿಂಗಳು ಮನೆ ಒಂದೇ ಹೊತ್ತಿಗೆ ಎಳೆದ ಗರಿಷ್ಠ ಬೇಡಿಕೆ ಅದು. ವರ್ಷವಿಡೀ ಅದು ಎರಡೂವರೆ ಕಿಲೋವಾಟ್ ದಾಟದಿದ್ದರೆ ಉಪವಿಭಾಗದ ಕಚೇರಿಯಲ್ಲಿ ಲೋಡ್ ಇಳಿಸಲು ಅರ್ಜಿ ಕೊಡಬಹುದು. ತದ್ವಿರುದ್ಧವೂ ಉಂಟು. ಬೆಳಗ್ಗೆ ಏಳಕ್ಕೆ ಗೀಸರ್, ಇಂಡಕ್ಷನ್ ಒಲೆ, ಮೋಟರ್, ಇಸ್ತ್ರಿಪೆಟ್ಟಿಗೆ ಎಲ್ಲ ಒಟ್ಟಿಗೆ ಹಾಕುವ ಮನೆಯ ಎಂ.ಡಿ. ಪದೇ ಪದೇ ಮಂಜೂರಾತಿ ದಾಟಿದರೆ ಕಂಪನಿಯೇ ಲೋಡ್ ಏರಿಸಿ ಹೆಚ್ಚುವರಿ ಠೇವಣಿ ಕೇಳುತ್ತದೆ. ಮೋಟರನ್ನು ಹತ್ತು ಗಂಟೆಗೆ ಹಾಕಿದರೆ ಯೂನಿಟ್ ಉಳಿಯುವುದಿಲ್ಲ, ಈ ತೊಂದರೆ ತಪ್ಪುತ್ತದೆ.

ಇನ್ನು ಚಾವಣಿಯ ಮೇಲೆ ಸೋಲಾರ್ ಫಲಕ. ಕೇಂದ್ರದ ಪಿ.ಎಂ. ಸೂರ್ಯಘರ್ ಯೋಜನೆ 2024ರ ಫೆಬ್ರುವರಿಯಲ್ಲಿ ಶುರುವಾಯಿತು. ಒಂದು ಕಿಲೋವಾಟಿಗೆ 30,000, ಎರಡಕ್ಕೆ 60,000, ಮೂರು ಅಥವಾ ಹೆಚ್ಚಿಗೆ 78,000 ರೂಪಾಯಿ ಸಹಾಯಧನ. ನಮ್ಮ ಬಿಸಿಲಿಗೆ ಒಂದು ಕಿಲೋವಾಟ್ ಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಗೃಹಜ್ಯೋತಿಯಂಥ ಉಚಿತ ಇಲ್ಲದ ಗುಜರಾತಿನವನಿಗೆ ಇದು ಲಾಭದ ಲೆಕ್ಕವಾದರೆ ನಮ್ಮಲ್ಲಿ 150 ಯೂನಿಟ್‌ನವನು ಕೇಳುವ ಪ್ರಶ್ನೆ ಬೇರೆ: ಬಿಲ್ಲೇ ಇಲ್ಲದ ಮೇಲೆ ಲಕ್ಷ ರೂಪಾಯಿ ಯಾಕೆ ಹಾಕಲಿ? ಅವನು ಹೇಳುವುದು ಸರಿಯಾಗಿಯೇ ಇದೆ. ಒಂದು ಸರ್ಕಾರದ ಉಚಿತ ಇನ್ನೊಂದು ಸರ್ಕಾರದ ಸಹಾಯಧನವನ್ನು ಹೀಗೆ ನಿಲ್ಲಿಸಿದೆ. ಫಲಕ ಲಾಭವಾಗುವುದು ಮುನ್ನೂರು, ನಾನೂರು ಯೂನಿಟ್ ಬಳಸುವವರಿಗೆ, ಅದೂ ಸ್ವಂತ ತಾರಸಿ ಇದ್ದರೆ. ಬಾಡಿಗೆಯವರಿಗೆ, ಅಪಾರ್ಟ್‌ಮೆಂಟಿನ ಮೂರನೇ ಮಹಡಿಯವರಿಗೆ ಇದು ಓದಿ ಬಿಡುವ ಸುದ್ದಿ. ತಾರಸಿ ಇರುವವರು ಕಂಪನಿಯ ಏಜೆಂಟನ್ನು ಕರೆಸುವ ಮೊದಲು ಡಿಸೆಂಬರ್ ತಿಂಗಳ ಮಧ್ಯಾಹ್ನ ಒಮ್ಮೆ ಮೇಲೆ ಹತ್ತಿ ನೋಡಲಿ. ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಆ ದಿಕ್ಕಿಗೆ ಪಕ್ಕದವರ ನೀರಿನ ಟ್ಯಾಂಕೋ ತೆಂಗಿನ ಮರವೋ ಇದ್ದರೆ ನೆರಳು ಎಲ್ಲಿಯವರೆಗೆ ಚಾಚುತ್ತದೆ ಎಂಬುದು ಕಾಣುತ್ತದೆ. ಸಾಮಾನ್ಯ ಜೋಡಣೆಯಲ್ಲಿ ಒಂದು ಫಲಕದ ಮೂಲೆಗೆ ನೆರಳು ಬಿದ್ದರೂ ಅದರ ಸಾಲಿನ ಉಳಿದ ಫಲಕಗಳೂ ಸೊರಗುತ್ತವೆ.